ಸೊಬತ್ ಸಿಂಗ್ ಕೂತ ಜಾಗ

ಉತ್ತರಕಾಶಿಯ ಬಸ್ ಅಡ್ಡೆಯಲ್ಲಿ ಹಳಬರನ್ನು ಕೇಳಿದರೆ ಸೊಬತ್ ಸಿಂಗ್ ರಾಣಾನ ವಿಷಯಕ್ಕೆ ಎರಡು ಮಾತು ಹೇಳುತ್ತಾರೆ. ಗಂಗೋತ್ರಿ ದಾರಿಯಲ್ಲಿ ಅವನಷ್ಟು ನಯವಾಗಿ ಬಸ್ಸು ಓಡಿಸಿದವರು ಇನ್ನೊಬ್ಬರಿಲ್ಲ, ಅವನ ಗಾಡಿಯಲ್ಲಿ ತುಂಬು ಬಸುರಿಯರು ಕೂಡ ತೂಕಡಿಸುತ್ತಿದ್ದರು ಅನ್ನುವುದು ಒಂದು. ಹೊರಡುವ ಮುಂಚೆ ಸ್ಟಿಯರಿಂಗಿನ ಮುಂದೆ ಕಣ್ಣು ಮುಚ್ಚಿ ಕೂತನೆಂದರೆ ಹಿಂದೆ ಯಾವ ದೊಡ್ಡ ಮನುಷ್ಯ ಹಾರ್ನ್ ಒತ್ತಿದರೂ ಕದಲುತ್ತಿರಲಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಅವನಿಗೆ ಕೈಗೆ ಬಂದ ವಿದ್ಯೆ. ಎರಡನೆಯದು ನಲವತ್ತನಾಲ್ಕು ದಾಟಿದ ಮೇಲೆ, ಬಹಳ ಪಾಡುಪಟ್ಟು ಬಂದದ್ದು.

ಅಲ್ಲಿಯ ತನಕ ಧ್ಯಾನ, ಚಕ್ರ, ಕುಂಡಲಿನಿ ಎಲ್ಲ ಅವನ ಮಟ್ಟಿಗೆ ಪ್ರಯಾಣಿಕರ ಸಾಮಾನು. ಹತ್ತುವಾಗ ಜೊತೆಗೆ ತರುತ್ತಾರೆ, ಇಳಿಯುವಾಗ ತೆಗೆದುಕೊಂಡು ಹೋಗುತ್ತಾರೆ. ಒಮ್ಮೆ ಬೆನ್ನ ಹಿಂದಿನ ಸೀಟಿನಲ್ಲಿ ಕೂತ ಸಾಧುವೊಬ್ಬ ತನಗೆ ಹುಬ್ಬುಗಳ ನಡುವೆ ನೀಲಿ ಬೆಳಕು ಕಂಡದ್ದನ್ನು ಭಟವಾಡಿಯಿಂದ ಸುಖೀ ತನಕ ವರ್ಣಿಸಿದ್ದ. ಸೊಬತ್ ಸಿಂಗ್ ಗೇರು ಬದಲಾಯಿಸುತ್ತಾ, "ನಂಗೆ ಮುಂದಿನ ಲಾರಿಯ ಕೆಂಪು ಬೆಳಕು ಕಂಡ್ರೆ ಸಾಕು ಬಾಬಾ, ಅಷ್ಟು ಆಶೀರ್ವಾದ ಮಾಡಿ" ಅಂದಿದ್ದ. ಇಡೀ ಬಸ್ಸು ನಕ್ಕಿತ್ತು.

ಅದು ಎಂಬತ್ತಾರನೆಯ ಇಸವಿಯ ಶ್ರಾವಣ. ಗಂಗೋತ್ರಿಯಿಂದ ನಲವತ್ತೊಂದು ಜನರನ್ನು ತುಂಬಿಕೊಂಡು ಇಳಿದು ಬರುತ್ತಿದ್ದ. ಬೆಳಗಿನಿಂದ ಹಿಡಿದ ಮಳೆ ಆಗಷ್ಟೇ ಬಿಟ್ಟಿತ್ತು. ಗಂಗನಾನಿಗೆ ಇನ್ನೂ ಎರಡು ತಿರುವು ಇರುವಾಗ ಎಡಗಡೆಯ ಮುಂದಿನ ಗಾಲಿಯ ಕೆಳಗೆ ರಸ್ತೆಯ ಅಂಚು ಕುಸಿಯಿತು. ಸದ್ದೇನೂ ಆಗಲಿಲ್ಲ. ಒದ್ದೆ ಮಣ್ಣು ಮೆತ್ತಗೆ ಜಾರಿತು, ಬಸ್ಸಿನ ಮೂತಿ ಎಡಕ್ಕೆ ವಾಲಿತು, ಗಾಜಿನಲ್ಲಿ ರಸ್ತೆ ಇದ್ದ ಕಡೆ ಕೆಳಗಿನ ಭಾಗೀರಥಿ ಕಾಣಿಸಿತು. ಸೊಬತ್ ಸಿಂಗ್ ಬ್ರೇಕು ತುಳಿದು ಹಿಡಿದ. ಎಂಜಿನ್ ನಿಂತುಹೋಯಿತು. ಆ ಇಳಿಜಾರಿನಲ್ಲಿ ಕೈ ಬ್ರೇಕೊಂದೇ ತಡೆಯುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಕಾಲು ತೆಗೆದರೆ ಗಾಡಿ ಹೋಯಿತು.

ಜನ ಹತ್ತಿಳಿಯುವ ಬಾಗಿಲು ಪ್ರಪಾತದ ಕಡೆಗೆ. ಉಳಿದದ್ದು ಹಿಂಬದಿಯ ತುರ್ತು ಬಾಗಿಲು ಒಂದೇ. ಆ ಕಾಲದ ಬಸ್ಸುಗಳಲ್ಲಿ ಡ್ರೈವರಿಗೂ ಪ್ರಯಾಣಿಕರಿಗೂ ನಡುವೆ ಮರದ ಹಲಗೆ, ಅದರ ಮೇಲೆ ಕಬ್ಬಿಣದ ಸರಳು. ಡ್ರೈವರಿಗೆ ಮಾತ್ರ ಬಲಗಡೆ, ಬೆಟ್ಟದ ಬದಿಗೆ, ಬೇರೆ ಬಾಗಿಲು.

"ಮುಂದೆ ಕೂತವರು ಮೊದಲು ಹಿಂದಕ್ಕೆ ಹೋಗಿ! ಕಿರುಚಬೇಡಿ, ನಡೀರಿ!" ಎಂದು ಕೂಗಿದ. ಕಂಡಕ್ಟರ್ ಪ್ರೇಮ್ ಲಾಲ್ ಹಿಂದೆ ನಿಂತು ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿದ. ಇಳಿದ ಗಂಡಸರು ಹಿಂದಿನ ಏಣಿಗೆ ಜೋತುಬಿದ್ದು ಭಾರ ಕೊಟ್ಟರು, ಉಳಿದವರು ಕಲ್ಲು ಹೊತ್ತು ತಂದು ಗಾಲಿಗಳಿಗೆ ಒಡ್ಡಿದರು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಹೊರಗಿನಿಂದ, "ಉಸ್ತಾದ್, ಗಾಲಿಗೆ ಕಲ್ಲು ಕೊಟ್ಟಾಯ್ತು, ಇಳೀರಿ!" ಎಂದು ಕೂಗು ಬಂತು. ಸೊಬತ್ ಸಿಂಗ್ ಕಾಲೆತ್ತಲು ನೋಡಿದ. ಕಾಲು ಬರಲಿಲ್ಲ. ಅದು ಅವನದಲ್ಲವೇ ಅಲ್ಲ ಅನ್ನುವ ಹಾಗೆ ಪೆಡಲಿಗೆ ಅಂಟಿತ್ತು.

ಆಗ ಸರಳಿನ ಸಂದಿಯಿಂದ ಒಂದು ಕೈ ಬಂದು ಅವನ ಬೆನ್ನಿನ ಮೇಲೆ ಕೂತಿತು.

"ಉಸಿರು ಬಿಡೋ ಮಗಾ. ಆಗಲಿಂದ ಹಿಡ್ಕೊಂಡೇ ಇದೀಯ. ಹೊರಗೆ ಬಿಡು."

ಅವನು ಉಸಿರು ಬಿಟ್ಟ. ಕಾಲು ಮೇಲೆ ಬಂತು. ಬಸ್ಸು ಅಲ್ಲಾಡಲಿಲ್ಲ. ಎಲ್ಲರೂ ಇಳಿದರೂ ಅವನ ಬೆನ್ನ ಹಿಂದಿನ ಸೀಟಿನಲ್ಲೇ ಉಳಿದಿದ್ದ ಗೋಮತಿ ಮಾಯಿಯದು ಆ ಕೈ. ಉತ್ತರಕಾಶಿಯ ಜೋಶಿಯಾಡದ ತೂಗುಸೇತುವೆಯ ಆಚೆ ತಗಡಿನ ಸೂರಿನ ಕುಟೀರದಲ್ಲಿ ಒಬ್ಬಳೇ ಇದ್ದ ಮುದಿ ಸಂನ್ಯಾಸಿನಿ, ಕಾವಿ ಉಡುವ ಮುಂಚೆ ಮೇರಠ್‌ನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವಳು. ಪ್ರೇಮ್ ಲಾಲ್ ಅವಳನ್ನು ಬೆನ್ನ ಮೇಲೆ ಹೊತ್ತು ಹಿಂದಿನಿಂದ ಇಳಿಸಿದ. ಸೊಬತ್ ಸಿಂಗ್ ತನ್ನ ಬಾಗಿಲಿನಿಂದ ಇಳಿದು ಕೆಸರಿನಲ್ಲೇ ಕೂತುಬಿಟ್ಟ. ಮಾರನೆಯ ದಿನ ಕ್ರೇನು ಬಂದು ಬಸ್ಸನ್ನು ಎಳೆದು ನಿಲ್ಲಿಸಿತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಊರು ಹಬ್ಬ ಮಾಡಿತು. ರಾಮಲೀಲಾ ಮೈದಾನದಲ್ಲಿ ವ್ಯಾಪಾರಿಗಳು ಸೇರಿ ಅವನಿಗೆ ಚೆಂಡುಹೂವಿನ ಹಾರ ಹಾಕಿದರು. "ತನ್ನ ಪ್ರಾಣದ ಯೋಚನೆ ಒಂದು ಗಳಿಗೆಯೂ ಮಾಡದೆ" ಎಂದು ಭಾಷಣ ಮಾಡಿದರು. ಅವನ ಹೆಂಡತಿ ಬಚನೀ ದೇವಿ ಮದುವೆಯ ನತ್ತು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಮಾತ್ರ ಹಾರ ತೆಗೆಯುವುದನ್ನೇ ಕಾಯುತ್ತಿದ್ದವನ ಹಾಗೆ ನೆಲ ನೋಡುತ್ತಾ ನಿಂತಿದ್ದ. ನಾಚಿಕೆ ಸ್ವಭಾವ ಅಂದುಕೊಂಡರು ಎಲ್ಲರೂ.

ವಾರ ಕಳೆಯುವುದರೊಳಗೆ ತಿರುವು ಬಂದಲ್ಲೆಲ್ಲ ಅವನ ಕಾಲು ತಾನಾಗಿ ಬ್ರೇಕು ತುಳಿಯತೊಡಗಿತು. ಒಂಬತ್ತನೆಯ ದಿನ ಮನೇರಿಯ ಹತ್ತಿರ, ಒಣಗಿದ ಅಗಲವಾದ ರಸ್ತೆಯಲ್ಲಿ, ತಿರುವಿನ ನಡುಮಧ್ಯೆ ಬಸ್ಸು ನಿಲ್ಲಿಸಿದವನು ಕಾಲನ್ನು ಮತ್ತೆ ಎತ್ತಲಾರದೆ ಹೋದ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು. ಬೆವರು ಕಿತ್ತುಬಂದಿತ್ತು, ಹೊಟ್ಟೆಯೊಳಗೆ ಯಾರೋ ಮುಷ್ಟಿ ಕಟ್ಟಿ ಹಿಡಿದ ಹಾಗಿತ್ತು. ಪ್ರೇಮ್ ಲಾಲ್ ಹಿಂದಿನ ಮಿಲಿಟರಿ ಟ್ರಕ್ಕಿನ ಡ್ರೈವರನ್ನು ಬೇಡಿಕೊಂಡು, ಅವನ ಕೈಯಲ್ಲೇ ಬಸ್ಸನ್ನು ತಿರುವು ದಾಟಿಸಿದ.

ಡಾಕ್ಟರು ಕಾಲಿಗೇನೂ ಆಗಿಲ್ಲ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಬಚನೀ ದೇವಿ ಮನೆದೇವರನ್ನು ಕರೆಸಿ, ಡೋಲು ಬಾರಿಸಿ ಜಾಗರ ಮಾಡಿಸಿದಳು. ಮೈಮೇಲೆ ಬಂದ ದೇವರು, ಹಾದಿಯ ಗಾಳಿ ಸೋಕಿದೆ ಅಂದಿತು. ಎಲ್ಲ ಮುಗಿದರೂ ಕಾಲು ಹಾಗೇ. ಅಡ್ಡೆಯ ಮೇಲ್ವಿಚಾರಕ ನೌಟಿಯಾಲ್ ಬಾಬು ಒಳ್ಳೆಯ ಮನುಷ್ಯ, ಅವನನ್ನು ಟೈರಿನ ಕೋಣೆಗೆ ಹಾಕಿದ. ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದವನು ಟೈರು ಎಣಿಸುತ್ತಾ ಕೂತ. ಜೊತೆಯ ಡ್ರೈವರ್ ಖುಶಾಲ್ ಹಾದುಹೋಗುವಾಗಲೆಲ್ಲ ಇಣುಕಿ, "ಉಸ್ತಾದ್, ಟೈರು ಉರುಳಿ ಹೋದಾವು, ಕಾಲು ಕೊಟ್ಟು ಹಿಡ್ಕೊ" ಅನ್ನುತ್ತಿದ್ದ. ಸೊಬತ್ ಸಿಂಗ್ ನಗುತ್ತಿದ್ದ. ಮನೆಗೆ ಹೋಗಿ ಊಟ ಬಿಡುತ್ತಿದ್ದ.

ಕಾರ್ತಿಕದಲ್ಲಿ ಗೋಮತಿ ಮಾಯಿ ಹಲ್ಲು ತೋರಿಸಲು ಋಷಿಕೇಶಕ್ಕೆ ಹೊರಟವಳು ಬಸ್ಸಿಗೆ ಕಾಯುತ್ತಾ ಟೈರಿನ ಕೋಣೆಯ ಬಾಗಿಲಿಗೆ ಬಂದಳು. ಟೈರುಗಳ ನಡುವೆ ಕೂತಿದ್ದವನ ಗುರುತು ಹಿಡಿದು, ಊದಿದ ಕೆನ್ನೆ ಹಿಡಿದುಕೊಂಡೇ ಕೇಳಿದಳು.

"ಏನೋ, ಬಸ್ ಬಿಟ್ಟು ಚಕ್ರ ಹಿಡ್ಕೊಂಡು ಕೂತಿದೀಯ?"

"ಕಾಲು ಏಳಲ್ಲ ಮಾಯಿ. ತಿರುವು ಬಂದ್ರೆ ಬ್ರೇಕು ಬಿಡಲ್ಲ."

"ಕಾಲಿನ ಕೆಲಸ ಅಲ್ಲ ಅದು. ನೀನು ಇನ್ನೂ ಅಲ್ಲೇ ಕೂತಿದೀಯ, ಗಂಗನಾನಿ ಮೇಲೆ. ಹಲ್ಲು ಕೀಳಿಸ್ಕೊಂಡು ಬರ್ತೀನಿ. ಸೋಮವಾರ ಬೆಳಿಗ್ಗೆ ಬಾ. ಹೊಟ್ಟೆಗೇನೂ ಹಾಕ್ಕೊಳ್ದೆ ಬಾ."

ಬೇರೆ ಯಾರಾದರೂ ಕರೆದಿದ್ದರೆ ಅವನು ಹೋಗುತ್ತಿರಲಿಲ್ಲ. ಆದರೆ ಬೆನ್ನಿನ ಮೇಲೆ ಆ ಕೈ ಬಿದ್ದಾಗ ಕಾಲು ಎದ್ದದ್ದು ಅವನಿಗೆ ನೆನಪಿತ್ತು. ಸೋಮವಾರ, ಬೆಳಕು ಹರಿಯುವ ಹೊತ್ತಿಗೆ, ತೂಗುಸೇತುವೆ ದಾಟಿದ.

ಮಾಯಿ ನೆಲಕ್ಕೆ ಗೋಣಿತಾಟು ಮಡಿಸಿ ಹಾಕಿ ಕೂರಿಸಿದಳು. ಮಂತ್ರವಿಲ್ಲ, ಧೂಪವಿಲ್ಲ.

"ಕಣ್ಣು ಮುಚ್ಚು. ನೀನು ಎಲ್ಲಿ ಕೂತಿದೀಯ ನೋಡು. ನಿನ್ನ ಭಾರ ನೆಲಕ್ಕೆ ಎಲ್ಲಿ ತಾಗ್ತದೆ, ಆ ಜಾಗಕ್ಕೆ ಮನಸ್ಸು ಇಡು. ಉಸಿರು ಒಳಗೆ ಬರೋದು ಅದರಷ್ಟಕ್ಕೆ ಬರ್ಲಿ, ಹೊರಗೆ ಹೋಗೋದನ್ನ ನಿಧಾನ ಮಾಡು. ಅಷ್ಟೇ."

"ಅಷ್ಟೇನಾ? ಇದಕ್ಕೆ ಏನಂತಾರೆ?"

"ಪುಸ್ತಕದಲ್ಲಿ ಮೂಲಾಧಾರ ಅಂತಾರೆ. ನೀನು ಕೂತ ಜಾಗ ಅನ್ನು."

"ಹಾವು ಇರೋದು ಅಲ್ಲೇ ಅಲ್ವಾ ಮಾಯಿ? ಸುರುಳಿ ಸುತ್ಕೊಂಡು? ಅದು ಯಾವಾಗ ಏಳ್ತದೆ?"

"ಮೊದಲು ನೀನು ಏಳು. ಕತ್ತು ನೆಟ್ಟಗೆ ಮಾಡು, ಆಗಲೇ ತೂಕಡಿಸ್ತಿದೀಯ."

ನಿಜಕ್ಕೂ ಮೊದಲ ಹದಿನೈದು ದಿನ ಅವನು ನಿದ್ದೆಯನ್ನೇ ಮಾಡಿದ. ಆಮೇಲೆ ಮಂಡಿನೋವು. ಆಮೇಲೆ ತಲೆಯಲ್ಲಿ ಸಂತೆ: ಖುಶಾಲನ ಮಾತು, ಮಗಳ ಮದುವೆ, ಯಾವುದೋ ಗಾಡಿಯ ಕ್ಲಚ್ಚು. ಮಾಯಿ ಒಂದಕ್ಕೂ ಬೈಯಲಿಲ್ಲ. "ಬಂತಾ? ಸರಿ. ಮತ್ತೆ ಕೂತ ಜಾಗಕ್ಕೆ ಬಾ" ಅನ್ನುತ್ತಿದ್ದಳು. ಎರಡು ತಿಂಗಳಾದರೂ ಮೇಲಿನ ಚಕ್ರದ ಹೆಸರೆತ್ತಲಿಲ್ಲ. ಅವನಿಗೆ ತಾಳ್ಮೆ ಕೆಟ್ಟಿತು.

"ಎಷ್ಟು ದಿನ ಅಂತ ಒಂದೇ ಸ್ಟಾಪಿನಲ್ಲಿ ನಿಲ್ಸೋದು ಮಾಯಿ?"

"ನಿಂಗೆ ಅವಸರ ಇದ್ರೆ ಹೋಗು, ಆ ಘಾಟಿನಲ್ಲಿ ಒಬ್ಬರು ಮೂರು ದಿನಕ್ಕೆ ಏಳೂ ಚಕ್ರ ಬಿಚ್ಚಿ ಕೊಡ್ತಾರಂತೆ. ನಂಗೆ ಅಷ್ಟು ಬೇಗ ಬರಲ್ಲ."

ಅವನು ಹೋಗಲಿಲ್ಲ. ಒಂದು ಬೆಳಿಗ್ಗೆ ತನ್ನ ಪಾಡಿಗೆ ಕೂತಿದ್ದಾಗ ನೆಲ ತನ್ನನ್ನು ಹೊತ್ತಿದೆ ಅನ್ನುವುದು ಅವನ ಅರಿವಿಗೆ ಬಂತು. ದೊಡ್ಡ ಸಂಗತಿಯೇನಲ್ಲ, ಎಲ್ಲರಿಗೂ ಗೊತ್ತಿರುವುದೇ. ಆದರೆ ಅಂಚು ಕುಸಿದ ದಿನದಿಂದ ಅವನ ಮೈ ಯಾವ ನೆಲವನ್ನೂ ನಂಬಿರಲಿಲ್ಲ, ಮಂಚದ ಮೇಲೆ ಮಲಗಿದ್ದಾಗಲೂ ಜಾರುತ್ತಲೇ ಇತ್ತು. ಈಗ ಅದು ಇಳಿದು ಕೂತಿತು. ಅವತ್ತು ಮನೆಗೆ ಹೋಗಿ ಹುರುಳಿ ಸಾರಿನಲ್ಲಿ ನಾಲ್ಕು ರಾಗಿ ರೊಟ್ಟಿ ತಿಂದ. ಬಚನೀ ದೇವಿ ಐದನೆಯದನ್ನು ಕೇಳದೆಯೇ ಹಾಕಿದಳು.

ಪುಷ್ಯ ಕಳೆದ ಮೇಲೆ ಮಾಯಿ ಅವನ ಗಮನವನ್ನು ಹೊಕ್ಕುಳಿಗೆ ತಂದಳು. ಅಲ್ಲಿ ಆ ಮುಷ್ಟಿ ಇತ್ತು. ಮನೇರಿಯ ತಿರುವಿನಲ್ಲಿ ಹಿಡಿದದ್ದೇ. ಅವನು ಹೆದರಿ ಕಣ್ಣು ಬಿಟ್ಟ. "ಓಡಿಸಬೇಡ, ಬಿಚ್ಚೋಕೂ ಹೋಗಬೇಡ. ಅದರ ಪಕ್ಕ ಕೂತ್ಕೊ, ಅಷ್ಟೇ" ಅಂದಳು ಮಾಯಿ. ಹೊರಗೆ ಎದುರಿನ ಬೆಟ್ಟದ ನೆತ್ತಿಗೆ ಹಿಮ ಬಿದ್ದಿತ್ತು. ದಿನವೂ ಆ ಮುಷ್ಟಿಯ ಪಕ್ಕ ಕೂತು ಎದ್ದು ಬರುತ್ತಿದ್ದ. ಕೆಲವು ದಿನ ಅದು ಸಿಟ್ಟಾಗಿ ತೋರುತ್ತಿತ್ತು, ಕೆಲವು ದಿನ ಬರೀ ಚಳಿಯಾಗಿ. ಹಾರ ಹಾಕಿದ ದಿನದ ನೆನಪು ಬಂದಾಗಲೆಲ್ಲ ಮಾತ್ರ ಇನ್ನಷ್ಟು ಬಿಗಿಯುತ್ತಿತ್ತು. ಅದೇಕೆ ಎಂದು ಅವನೂ ಕೇಳಿಕೊಳ್ಳಲಿಲ್ಲ.

ಫಾಲ್ಗುಣದಲ್ಲಿ ಎದೆಯ ನಡುವಿಗೆ ಬಂದರು. ಮಾಯಿ ಅನಾಹತ ಎಂಬ ಹೆಸರನ್ನೂ ಹೇಳಿರಲಿಲ್ಲ, ಅಂಗೈಯನ್ನು ಎದೆಗೆ ಒತ್ತಿಕೋ ಅಂದಿದ್ದಳು ಅಷ್ಟೇ. ನಾಲ್ಕನೆಯ ದಿನ ಅವನಿಗೆ ಅಳು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಐವತ್ತು ಜನರ ಬಸ್ಸನ್ನು ಒಂದು ಕೈಯಲ್ಲಿ ತಿರುಗಿಸುತ್ತಿದ್ದ ಆಳು ಗೋಣಿತಾಟಿನ ಮೇಲೆ ಕೂತು ಹೋ ಎಂದು ಅತ್ತ. ಮಾಯಿ ಎದ್ದು ಚಹಾಕ್ಕೆ ನೀರಿಟ್ಟಳು. ಅಳು ಮುಗಿದ ಮೇಲೆ ಅವನೇ ಹೇಳಿದ, ಅವಳ ಕಡೆ ನೋಡದೆ.

"ನಾನು ಹಾರಿಬಿಡೋಣ ಅಂದ್ಕೊಂಡಿದ್ದೆ ಮಾಯಿ."

"ಯಾವಾಗ?"

"ಅವತ್ತು. ನನ್ನ ಬಾಗಿಲು ಪಕ್ಕದಲ್ಲೇ ಇತ್ತು, ಬೆಟ್ಟದ ಕಡೆ. ಕೈ ಚಿಲಕದ ಮೇಲೆ ಹೋಗಿತ್ತು. ಹಿಂದೆ ಮಕ್ಕಳು ಅಳ್ತಿದ್ವು. ನಾನೊಬ್ಬ ಬದುಕ್ಕೊಳ್ತೀನಿ, ಯಾರಿಗೂ ಗೊತ್ತಾಗಲ್ಲ, ಬ್ರೇಕು ಹೋಯ್ತು ಅಂದ್ರಾಯ್ತು ಅಂದ್ಕೊಂಡೆ. ಅಷ್ಟನ್ನೂ ಅಂದ್ಕೊಂಡೆ. ಆಮೇಲೆ ಅವರು ನಂಗೆ ಹಾರ ಹಾಕಿದ್ರು."

ಮಾಯಿ ಲೋಟಕ್ಕೆ ಚಹಾ ಬಗ್ಗಿಸಿ, ಬೆಲ್ಲದ ಚೂರಿನ ಜೊತೆ ಅವನ ಮುಂದಿಟ್ಟಳು.

"ಕೈ ಚಿಲಕದ ಮೇಲಿತ್ತು. ಕಾಲು ಎಲ್ಲಿತ್ತು?"

"ಬ್ರೇಕಿನ ಮೇಲೆ."

"ಎಷ್ಟು ಹೊತ್ತು?"

"ಕೊನೇ ತನಕ."

"ಸರಿ, ಚಹಾ ಕುಡಿ." ತನಗೂ ಒಂದು ಲೋಟ ಬಗ್ಗಿಸಿಕೊಂಡು ಅವಳೇ ಮುಂದುವರಿಸಿದಳು. "ನಿಂಗೊಂದು ಹೇಳ್ತೀನಿ. ಎಲ್ಲರನ್ನೂ ಇಳಿಸಿ ಮಾಯಿ ಕೊನೆಗೆ ಉಳಿದ್ಳು, ಎಂಥಾ ತಪಸ್ವಿ ಅಂತ ಊರೆಲ್ಲ ಹೊಗಳ್ತು ನೋಡು? ನನ್ನ ಮಂಡಿ ಹಿಡ್ಕೊಂಡಿತ್ತು ಕಣೋ. ಏಳೋಕೆ ಆಗ್ಲಿಲ್ಲ. ಆಗಿದ್ರೆ ಎಲ್ಲರಿಗಿಂತ ಮುಂಚೆ ಓಡ್ತಿದ್ದೆ. ಮೂವತ್ತು ವರ್ಷ ಕಣ್ಣು ಮುಚ್ಚಿ ಕೂತ ಮೇಲೂ."

ಸೊಬತ್ ಸಿಂಗ್ ಅವಳ ಮುಖ ನೋಡಿದ. ಅವಳು ಹಲ್ಲಿಲ್ಲದ ಕಡೆಯಿಂದ ನಗುತ್ತಿದ್ದಳು. ಅವನಿಗೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಅವನು ಹೆದರಿದ್ದು ರಸ್ತೆಗಲ್ಲ, ಪ್ರಪಾತಕ್ಕೂ ಅಲ್ಲ. ಚಿಲಕಕ್ಕೆ ಕೈ ಹಾಕಿದ ಆ ಮನುಷ್ಯನಿಗೆ. ಏಳು ತಿಂಗಳು ಅವನನ್ನು ಒಳಗೆ ಕೂಡಿಹಾಕಿ, ಹೊರಗೆ ಬಂದಾನೆಂದು ತನ್ನ ಕಾಲಿನಿಂದಲೇ ಅದುಮಿ ಹಿಡಿದಿದ್ದ. ಮಾಯಿ ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. ಸೇತುವೆಯ ಮೇಲೆ ನಡೆದು ಬರುವಾಗ ಅವನಿಗೇ ಹೊಳೆಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಬಚನೀ ದೇವಿ ರಾಜ್ಮಾ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಇಷ್ಟೇನಾ? ನಾನು ಏನೋ ಅಂದ್ಕೊಂಡಿದ್ದೆ. ಆ ಚಳಿಗಾಲದಲ್ಲಿ ನಮ್ಮ ಮಗಳು ಮಂಜು ಹುಟ್ಟುವಾಗ ಮೂರು ದಿನ ನೋವು ತಿಂದೆನಲ್ಲ, ಈ ಮಗು ಸತ್ರೂ ಸಾಯ್ಲಿ, ನಾನು ಉಳಿದ್ರೆ ಸಾಕು ಅಂದ್ಕೊಂಡಿದ್ದೆ ನಾನು. ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಈಗ ಅವಳನ್ನ ನಾನು ಸಾಕಿಲ್ವಾ?" ಆಮೇಲೆ ಮೊರ ಪಕ್ಕಕ್ಕಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏಳು ತಿಂಗಳು ಇದನ್ನ ಇಟ್ಕೊಂಡು ಊಟ ಬಿಟ್ರಾ? ಹುಚ್ಚು ಗಂಡಸು."

ಚೈತ್ರದಲ್ಲಿ ಅವನೇ ನೌಟಿಯಾಲ್ ಬಾಬುವಿನ ಮುಂದೆ ಹೋಗಿ ನಿಂತ. ಖಾಲಿ ಬಸ್ಸು ಕೊಟ್ಟರು, ಪಕ್ಕದಲ್ಲಿ ಕೂರಲು ಖುಶಾಲನನ್ನು ಕಳಿಸಿದರು. ಮನೇರಿ ದಾಟಿತು, ಭಟವಾಡಿ ದಾಟಿತು. ಗಂಗನಾನಿಯ ಮೇಲಿನ ಆ ತಿರುವಿಗೆ ಬರುವ ಹೊತ್ತಿಗೆ ಹೊಕ್ಕುಳಿನ ಬಳಿ ಮುಷ್ಟಿ ಎದ್ದು ಕೂತಿತು. ಅದು ಹೋಗಿರಲೇ ಇಲ್ಲ. ಸೊಬತ್ ಸಿಂಗ್ ಅದನ್ನು ಗುರುತಿಸಿದ, ಸೀಟಿನ ಮೇಲೆ ತನ್ನ ಭಾರ ಬಿಟ್ಟ, ಉಸಿರನ್ನು ಉದ್ದಕ್ಕೆ ಹೊರಗೆ ಕಳಿಸಿದ. ಕಾಲು ಬ್ರೇಕಿಗೆ ಹೋಯಿತು, ಬೇಕಾದಷ್ಟು ಒತ್ತಿತು, ಮೇಲೆ ಬಂತು. ಬಸ್ಸು ತಿರುಗಿತು. ಖುಶಾಲ್ ಸುಖೀಯಲ್ಲಿ ಇಳಿದು ತಾನೇ ಚಹಾ ತಂದುಕೊಟ್ಟ.

ಆ ಚಹಾ ಕುಡಿಯುತ್ತಾ ಸೊಬತ್ ಸಿಂಗ್ ಅವನಿಗೂ ಚಿಲಕದ ಕತೆ ಹೇಳಿದ. ಮಾಯಿ ಕಂಠದ ಚಕ್ರದ ವಿಷಯ ಹೇಳುವಾಗ, ಇಲ್ಲಿ ಕೂರೋದಕ್ಕಿಂತ ಇಲ್ಲಿಂದ ನಿಜ ಹೇಳೋದೇ ದೊಡ್ಡ ಸಾಧನೆ ಅಂದಿದ್ದಳು. ಕೇಳಿಸಿಕೊಂಡ ಖುಶಾಲ್ ಲೋಟ ಕೆಳಗಿಟ್ಟ. ಆಮೇಲೆ, "ನಾನು ಧರಾಸೂ ಹತ್ರ ಒಂದು ಸಲ ಕುಡಿದು ಓಡಿಸಿದ್ದೆ ಉಸ್ತಾದ್" ಎಂದು ಶುರು ಮಾಡಿದ. ಅಡ್ಡೆಯಲ್ಲಿ ಹೀಗೆ ಒಬ್ಬನ ಬಾಯಿಂದ ಇನ್ನೊಬ್ಬನ ಬಾಯಿ ಬಿಚ್ಚಿಕೊಂಡಿತು. ಪ್ರತಿಯೊಬ್ಬ ಡ್ರೈವರೂ ಒಂದೊಂದು ತಿರುವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಗಾಡಿ ಓಡಿಸುತ್ತಿದ್ದ ಎಂದು ಅಲ್ಲಿಯ ತನಕ ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಹದಿನಾಲ್ಕು ವರ್ಷ ಅವನು ಆ ದಾರಿಯಲ್ಲಿ ಬಸ್ಸು ಓಡಿಸಿದ. ದಿನವೂ ಹೊರಡುವ ಮುಂಚೆ ಹತ್ತು ನಿಮಿಷ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. "ಡ್ರೈವರ್ ಮಲ್ಕೊಂಡಿದಾನೆ, ಎಬ್ಬಿಸ್ರಪ್ಪಾ" ಎಂದು ಹೊಸಬರು ಗೊಣಗುತ್ತಿದ್ದರು. "ಸುಮ್ನಿರಿ, ಅವರು ಈಗ ಎದ್ದಿರೋದು" ಎಂದು ಪ್ರೇಮ್ ಲಾಲ್ ಬಾಯಿ ಮುಚ್ಚಿಸುತ್ತಿದ್ದ. ತೊಂಬತ್ತೊಂದರ ಭೂಕಂಪದ ವರ್ಷ ಏಳು ಗಾಡಿಗಳು ಎರಡು ದಿನ ದಾರಿಯಲ್ಲಿ ಸಿಕ್ಕಿಕೊಂಡಾಗ ಮೇಲಿನಿಂದ ಬಂಡೆಗಳು ಬೀಳುವುದಕ್ಕಿಂತ ಹೆಚ್ಚಾಗಿ ಜನ ತುತ್ತಿಗಾಗಿ ಒಬ್ಬರ ಮೇಲೊಬ್ಬರು ಬೀಳುವುದರಲ್ಲಿದ್ದರು. ಸೊಬತ್ ಸಿಂಗ್ ಉಪದೇಶ ಮಾಡಲಿಲ್ಲ. ಎಲ್ಲರ ಗಂಟು ಬಿಚ್ಚಿಸಿ, ಇದ್ದ ಊದಲಕ್ಕಿಯನ್ನೆಲ್ಲ ಒಂದೇ ಹಂಡೆಗೆ ಹಾಕಿಸಿ ಬೇಯಿಸಿದ. ಬೆಂದಾಗುವ ತನಕ ಎಲ್ಲರೂ ತಾವು ಕೂತ ಜಾಗ ನೋಡಿಕೊಂಡು ಕೂತಿರಿ ಅಂದ. ಅವನ ದನಿಯಲ್ಲಿ ಏನಿತ್ತೋ, ಜನ ಕೂತರು.

ಗೋಮತಿ ಮಾಯಿ ಅದಾದ ಮರುವರ್ಷ ತೀರಿಕೊಂಡಳು. ಕೊನೆಯ ತಿಂಗಳು ಬಚನೀ ದೇವಿಯೇ ಅವಳಿಗೆ ಗಂಜಿ ಕುಡಿಸಿದಳು. ದೆಹಲಿಯಿಂದ ಬಂದ ಶಿಷ್ಯರು ಸೊಬತ್ ಸಿಂಗನ ಸುತ್ತ ಕೂತು, ಮಾಯಿಯ ಹತ್ತಿರ ಅಷ್ಟು ವರ್ಷ ಕಲಿತಿರಲ್ಲ, ನಿಮ್ಮದು ಯಾವ ಚಕ್ರದ ತನಕ ಏರಿದೆ ಎಂದು ಭಕ್ತಿಯಿಂದ ಕೇಳಿದರು.

"ಕಂಠದ ತನಕ ಬಸ್ ಹೋಗ್ತದೆ" ಅಂದ ಅವನು. "ಅದರ ಮೇಲೆ ರಸ್ತೆ ಕೆಲಸ ನಡೀತಾ ಇದೆ."

ಅವರು ಅದನ್ನು ಬರೆದುಕೊಂಡರು.

ಈಗ ಅವನಿಗೆ ಎಂಬತ್ತು ದಾಟಿದೆ. ಚಾರಧಾಮ ಯಾತ್ರೆಯ ಸಮಯದಲ್ಲಿ ಡ್ರೈವರುಗಳು ಬೆಳಗಿನ ಪಾಳಿಗೆ ಮುಂಚೆ ಅವನ ಮನೆಯ ತಾರಸಿಗೆ ಬರುತ್ತಾರೆ, ಟ್ಯಾಕ್ಸಿಯವರು, ಲಾರಿಯವರು, ಈಚೆಗೆ ಆಂಬುಲೆನ್ಸ್ ಓಡಿಸುವ ಒಬ್ಬಳು ಹುಡುಗಿ. ಒಣಗಲು ಹಾಕಿದ ಮೆಣಸಿನಕಾಯಿ ಸರಿಸಿ ಸಾಲಾಗಿ ಕೂರುತ್ತಾರೆ. ಅವನು ಹೆಚ್ಚೇನೂ ಹೇಳುವುದಿಲ್ಲ. ಗುರುಜಿ ಅಂದರೆ ಉತ್ತರವನ್ನೇ ಕೊಡುವುದಿಲ್ಲ, ಉಸ್ತಾದ್ ಅಂದರೆ ಮಾತ್ರ ತಿರುಗುತ್ತಾನೆ.

ಮೊನ್ನೆ ವೈಶಾಖದಲ್ಲಿ, ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದಾಗ ಒಬ್ಬ ಗೋಡೆಗೊರಗಿ ಗೊರಕೆ ಹೊಡೆಯತೊಡಗಿದ. ಚಹಾದ ಕೆಟಲು ಹಿಡಿದು ಮೆಟ್ಟಿಲು ಹತ್ತಿ ಬಂದ ಬಚನೀ ದೇವಿ ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ರೀ, ಇವನ ಗೊರಕೆಗೆ ಉಳಿದವರ ಧ್ಯಾನ ಕೆಡ್ತಿದೆ. ಎಬ್ಬಿಸ್ಲಾ?"

"ಬೇಡ ಬಿಡೆ. ಬದರಿಯಿಂದ ಒಂದೇ ಸಮ ಓಡಿಸ್ಕೊಂಡು ಬಂದವನು. ಅವನಿಗೆ ಇವತ್ತು ಬೇಕಾಗಿದ್ದು ಅದೇ. ನಿನ್ನ ಶಾಲು ಇತ್ತ ಕೊಡು."

ಅವಳು ಶಾಲು ತೆಗೆದು ತಾನೇ ಆ ಡ್ರೈವರಿಗೆ ಹೊದಿಸಿದಳು. ಆಮೇಲೆ ಉಳಿದವರಿಗೆ ಚಹಾ ಬಗ್ಗಿಸುತ್ತಾ ಹೋದಳು.